ಎಸ್‌ಎಂಯು ಟಿವಿ ದುಡ್ಡೇ ಬೇಡ ಅಂದಿದ್ದು ಯಾಕೆ?

ಡಲ್ಲಾಸ್_ಕನ್ನಡಿಗ
ಸೋಮವಾರ ಆಫೀಸಿಗೆ ಹೋದರೆ ಕಾಲೇಜು ಫುಟ್‌ಬಾಲ್ ಬಿಟ್ಟು ಬೇರೆ ಮಾತೇ ಇಲ್ಲ. ಆಟ ಹೆಂಗೋ ತಿಳಿಯುತ್ತೆ, ದುಡ್ಡಿನ ಲೆಕ್ಕ ತಲೆಗೆ ಹೋಗುತ್ತಿಲ್ಲ. ನಮ್ಮೂರಿನ ಎಸ್‌ಎಂಯು (ಸದರ್ನ್ ಮೆಥಡಿಸ್ಟ್ ಯೂನಿವರ್ಸಿಟಿ) 2024ರಲ್ಲಿ ಎಸಿಸಿ ಅನ್ನೋ ಕಾಲೇಜು ತಂಡಗಳ ಕೂಟ (ಕಾನ್ಫರೆನ್ಸ್) ಸೇರುವಾಗ 9 ವರ್ಷ ಟಿವಿ ಪಾಲು ಬೇಡ ಅಂತ ಒಪ್ಪಿಕೊಂಡಿದೆಯಂತೆ. ಪುಕ್ಕಟೆ ಯಾಕ್ರೀ ಆಡಬೇಕು? ಯಾರಾದರೂ ಬಿಡಿಸಿ ಹೇಳಿ.

ಗ್ಯಾಲರಿ_ಗುಂಡ
ಕಾಲೇಜುಗಳು ಪ್ರಸಾರದ ಹಕ್ಕನ್ನು ಕಾನ್ಫರೆನ್ಸ್‌ಗೆ ಬರೆದುಕೊಡುತ್ತವೆ. ಅದು ಎಲ್ಲರದ್ದನ್ನೂ ಒಟ್ಟಿಗೆ ಮಾರುತ್ತೆ. ಆ ದುಡ್ಡಿಗೆ ಪ್ಲೇಆಫ್ ದುಡ್ಡು, ಬ್ಯಾಸ್ಕೆಟ್‌ಬಾಲ್ ಟೂರ್ನಿಯಿಂದ ಬರುವುದು ಎಲ್ಲ ಸೇರಿಸಿ, ಖರ್ಚು ಕಳೆದು ಹಂಚುತ್ತಾರೆ. ಎಸ್‌ಇಸಿ ಅನ್ನೋ ಇನ್ನೊಂದು ದೊಡ್ಡ ಕಾನ್ಫರೆನ್ಸ್ 2023-24ರಲ್ಲಿ ಹಂಚಿದ್ದು ಸುಮಾರು 80 ಕೋಟಿ ಡಾಲರ್, ಒಂದೊಂದು ಕಾಲೇಜಿಗೆ ಸರಾಸರಿ 5 ಕೋಟಿಗೂ ಮೇಲೆ. ಅಲ್ಲಿ ಅಲಬಾಮಾ ಎಷ್ಟು ಕಪ್ ಗೆದ್ದರೂ ವಾಂಡರ್‌ಬಿಲ್ಟ್‌ಗೂ ಹೆಚ್ಚುಕಮ್ಮಿ ಅಷ್ಟೇ ಪಾಲು.

ಎಸ್‌ಎಂಯು ಬಿಟ್ಟಿದ್ದು ಟಿವಿ ಪಾಲು ಮಾತ್ರ, ಪ್ಲೇಆಫ್ ದುಡ್ಡಲ್ಲ. ಮೊದಲ ವರ್ಷವೇ ಪ್ಲೇಆಫ್‌ಗೂ ಹೋದರು (ಪೆನ್ ಸ್ಟೇಟ್ ಕೈಲಿ 38-10 ತಿಂದರು, ಅದು ಬಿಡಿ). ಜೊತೆಗೆ ಅವರ ಹಳೇ ವಿದ್ಯಾರ್ಥಿಗಳು ಭಾರೀ ಕುಳಗಳು. ಆಹ್ವಾನ ಬಂದ ಒಂದು ವಾರದೊಳಗೆ 10 ಕೋಟಿ ಡಾಲರ್ ಎತ್ತಿಕೊಟ್ಟರು! ದೊಡ್ಡವರ ಸಾಲಲ್ಲಿ ಕೂರೋಕೆ ಕೊಟ್ಟ ಬೆಲೆ ಅದು. ಅದೇ ವರ್ಷ ಸೇರಿದ ಸ್ಟ್ಯಾನ್‌ಫರ್ಡ್, ಕ್ಯಾಲ್ (ಬರ್ಕ್ಲಿ) ಕೂಡ ಮೊದಲ 7 ವರ್ಷ ಬರೀ 30% ಟಿವಿ ಪಾಲಿಗೆ ಒಪ್ಪಿವೆ.

ಲೆಕ್ಕದ_ಮೇಷ್ಟ್ರು
ಗುಂಡ ಅವರು ಹೇಳಿದ ಸಮಪಾಲು ಎಸಿಸಿಯಲ್ಲಿ ಈಗ ಇಲ್ಲ. ಐಸಿಸಿ ದುಡ್ಡಿನಲ್ಲಿ ಬಿಸಿಸಿಐಗೆ 38.5% ಯಾಕೆ ಅಂದರೆ ಏನು ಹೇಳುತ್ತಾರೆ? ನೋಡೋರು ನಮ್ಮವರು ಅಂತ ಅಲ್ವಾ? ಎಸಿಸಿಯ ದೊಡ್ಡ ತಂಡ ಫ್ಲಾರಿಡಾ ಸ್ಟೇಟ್ ವಾದವೂ ಅದೇ. 2023ರ ಡಿಸೆಂಬರ್‌ನಲ್ಲಿ, 13ಕ್ಕೆ 13 ಗೆದ್ದೂ ಆಯ್ಕೆ ಸಮಿತಿ ಪ್ಲೇಆಫ್‌ಗೆ ಕರೆಯಲಿಲ್ಲ ಅಂತ ಉರಿದುಕೊಂಡು, ತಮ್ಮ ಕಾನ್ಫರೆನ್ಸ್ ಮೇಲೇ ಕೇಸು ಹಾಕಿದರು. ಆಮೇಲೆ ಎಸಿಸಿಯ ಇನ್ನೊಂದು ದೊಡ್ಡ ತಂಡ ಕ್ಲೆಮ್ಸನ್ನೂ ಹಾಕಿತು. 2025ರ ಮಾರ್ಚ್‌ನಲ್ಲಿ ರಾಜಿ. ಈಗ ಟಿವಿ ದುಡ್ಡಿನ 60% ಹಂಚೋದು 5 ವರ್ಷದ ವೀಕ್ಷಕರ ಸರಾಸರಿ ನೋಡಿ. ಉಳಿದ 40% ಮಾತ್ರ ಸಮವಾಗಿ.

ತಮಾಷೆ ನೋಡಿ, ಕೇಸು ಹಾಕಿದ ಮುಂದಿನ ಸೀಸನ್ ಫ್ಲಾರಿಡಾ ಸ್ಟೇಟ್ 12ರಲ್ಲಿ ಗೆದ್ದದ್ದು 2. ಆದರೆ ಈ 60% ಲೆಕ್ಕಕ್ಕೆ ಸೋಲು-ಗೆಲುವು ಬೇಕಿಲ್ಲ, ಜನ ಟಿವಿ ಹಾಕಿದರೆ ಸಾಕು. ನನ್ನ ಪ್ರಕಾರ ಇದು ಕ್ರೀಡೆಯ ಲೆಕ್ಕ ಅಲ್ಲ, ಜಾಹೀರಾತಿನ ಲೆಕ್ಕ.

ಡಲ್ಲಾಸ್_ಕನ್ನಡಿಗ
ಹಾಗಾದರೆ ಎಸಿಸಿಯಲ್ಲಿರುವ ವೇಕ್ ಫಾರೆಸ್ಟ್ ತರದ ಸಣ್ಣ ಕಾಲೇಜುಗಳು ಸುಮ್ನೆ ಹೇಗೆ ಒಪ್ಪಿದವು?

ಗ್ಯಾಲರಿ_ಗುಂಡ
ಪ್ಯಾಕ್-12 ಅನ್ನೋ ಇನ್ನೊಂದು ಕಾನ್ಫರೆನ್ಸ್‌ನ ಗತಿ ಕಣ್ಣಾರೆ ನೋಡಿದ್ದರಲ್ಲ. ದೊಡ್ಡವರು ಹೊರಟಿದ್ದೇ 12ರಲ್ಲಿ 10 ಖಾಲಿ, ಕೊನೆಗೆ ಉಳಿದಿದ್ದು ಆರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎರಡೇ. ಕ್ಲೆಮ್ಸನ್ ಎದ್ದು ಹೋದರೆ ಎಸಿಸಿ ಪಂದ್ಯಗಳಿಗೆ ಯಾರು ಅಷ್ಟು ದುಡ್ಡು ಸುರಿಯುತ್ತಾರೆ? ಪೂರ್ತಿ ಹೋಗೋದಕ್ಕಿಂತ ಪಾಲು ಸ್ವಲ್ಪ ಕಮ್ಮಿಯಾದರೂ ಪರವಾಗಿಲ್ಲ ಅಂತ ಕೈ ಎತ್ತಿದರು.

ಲೆಕ್ಕದ_ಮೇಷ್ಟ್ರು
ಅದೂ ಸ್ವಲ್ಪ ದಿನಕ್ಕೇ. ರಾಜಿಯಲ್ಲಿ ಇನ್ನೊಂದು ಷರತ್ತಿದೆ. ಬಿಟ್ಟು ಹೋಗುವ ದಂಡ ವರ್ಷವರ್ಷ ಇಳಿದು 2030-31ಕ್ಕೆ 7.5 ಕೋಟಿ ಡಾಲರ್ ಆಗುತ್ತೆ, ಹೋಗುವವರಿಗೆ ಪ್ರಸಾರದ ಹಕ್ಕೂ ವಾಪಸ್. ಕ್ಲೆಮ್ಸನ್‌ಗೆ ಆ ಮೊತ್ತ ಹೊಂದಿಸೋದು ಕಷ್ಟವೇನಲ್ಲ ಬಿಡಿ.