ಅಪ್ಪ ಅಮ್ಮನೊಡನೆ ಏಳು ದಿನ ಟ್ಯಾಸ್ಮೇನಿಯಾ: ಪಶ್ಚಿಮ ಕರಾವಳಿಯನ್ನು ಬಿಡಬೇಕೇ?

ತುಂಗಾತೀರ (ಮೆಲ್ಬರ್ನ್):

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ನನ್ನ ಅಪ್ಪ, ಅಮ್ಮ ಮೊದಲ ಬಾರಿಗೆ ನಮ್ಮಲ್ಲಿಗೆ ಬಂದಿದ್ದಾರೆ. ಏಪ್ರಿಲ್ ಕೊನೆಯ ವಾರದಲ್ಲಿ ಅವರನ್ನು ಟ್ಯಾಸ್ಮೇನಿಯಾಕ್ಕೆ ಕರೆದುಕೊಂಡು ಹೋಗಿ, ಹೋಬಾರ್ಟಿನಲ್ಲಿ ಬಾಡಿಗೆ ಕಾರು ಹಿಡಿದು, ದ್ವೀಪವನ್ನು ಒಂದು ಸುತ್ತು ಹಾಕಿ ಅಲ್ಲಿಗೇ ಮರಳಬೇಕೆಂದು ಯೋಚಿಸಿದ್ದೇನೆ. ಅಪ್ಪನಿಗೆ ಎಪ್ಪತ್ತೊಂದು ವರ್ಷ. ದಿನವೂ ತೋಟ ಸುತ್ತುವವರಾದ್ದರಿಂದ ಎರಡು ಗಂಟೆ ನಡೆಯುವುದು ಅವರಿಗೆ ಕಷ್ಟವಲ್ಲ. ಅಮ್ಮನಿಗೆ ಮಂಡಿನೋವಿದೆ, ಮೆಟ್ಟಿಲು ಹತ್ತಲಾರರು.

ಮೊದಲ ದಿನ ಹೋಬಾರ್ಟ್, ಎರಡನೆಯ ದಿನ ಬ್ರೂನಿ ದ್ವೀಪ ಮತ್ತು ಪೋರ್ಟ್ ಆರ್ಥರ್, ಮೂರನೆಯ ದಿನ ಫ್ರೇಸಿನೆ, ನಾಲ್ಕನೆಯ ದಿನ ಬೇ ಆಫ್ ಫೈರ್ಸ್ ನೋಡಿ ಲಾನ್ಸೆಸ್ಟನ್, ಐದನೆಯ ದಿನ ಕ್ರೇಡಲ್ ಪರ್ವತ, ಆರನೆಯ ದಿನ ಪಶ್ಚಿಮ ಕರಾವಳಿಯ ಸ್ಟ್ರಾನ್, ಏಳನೆಯ ದಿನ ವಾಪಸ್ಸು ಎಂಬುದು ಈಗಿನ ಲೆಕ್ಕ. ಇದು ವಯಸ್ಸಾದವರಿಗೆ ಹೆಚ್ಚಾಯಿತೇ, ಹೆಚ್ಚಾದರೆ ಯಾವುದನ್ನು ಕೈಬಿಡಬೇಕು, ಊಟದ ವ್ಯವಸ್ಥೆ ಹೇಗೆ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಹೋಬಾರ್ಟ್ ನಿವಾಸಿ:

ನಕ್ಷೆಯಲ್ಲಿ ಈ ದ್ವೀಪ ಅಂಗೈಯಷ್ಟು ಕಂಡರೂ ಸುಮಾರು 68,000 ಚದರ ಕಿಲೋಮೀಟರ್ ಇದೆ, ಅಂದರೆ ನಮ್ಮ ಕರ್ನಾಟಕದ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಹೋಬಾರ್ಟ್–ಲಾನ್ಸೆಸ್ಟನ್ ನಡುವಿನ ನೇರ ಹೆದ್ದಾರಿಯನ್ನು ಬಿಟ್ಟರೆ ಹೆಚ್ಚಿನ ರಸ್ತೆಗಳು ಬೆಟ್ಟ ಬಳಸಿಕೊಂಡು ಹೋಗುವ ಎರಡು ಸಾಲಿನ ದಾರಿಗಳು. ನೂರು ಕಿಲೋಮೀಟರಿಗೆ ಒಂದೂವರೆ ಗಂಟೆ ಹಿಡಿಯುವುದು ಒಳ್ಳೆಯದು.

ನಿಮ್ಮ ಎರಡನೆಯ ದಿನ ನಡೆಯುವಂಥದ್ದಲ್ಲ. ಬ್ರೂನಿ ಹೋಬಾರ್ಟಿನ ದಕ್ಷಿಣಕ್ಕಿದೆ, ಅದಕ್ಕೆ ಕೆಟರಿಂಗಿನಲ್ಲಿ ಕಾರಿನ ಸಮೇತ ದೋಣಿ ಹತ್ತಬೇಕು. ಪೋರ್ಟ್ ಆರ್ಥರ್ ಇರುವುದು ಆಗ್ನೇಯಕ್ಕೆ, ಬೇರೆಯದೇ ಪರ್ಯಾಯದ್ವೀಪದ ತುದಿಯಲ್ಲಿ. ಒಂದನ್ನಾದರೂ ಬಿಡಲೇಬೇಕು. ಮೊದಲ ದಿನ ಕುನಾನ್ಯಿ, ಅಂದರೆ ಮೌಂಟ್ ವೆಲ್ಲಿಂಗ್ಟನ್ ನೋಡಿ. 1,271 ಮೀಟರ್ ಎತ್ತರದ ಆ ಶಿಖರದವರೆಗೂ ಕಾರು ಹೋಗುವುದರಿಂದ ನಿಮ್ಮ ತಾಯಿಯವರಿಗೆ ತೊಂದರೆಯಾಗದು. ಬೆಚ್ಚನೆಯ ಕೋಟು ಮಾತ್ರ ಮರೆಯಬೇಡಿ, ಕೆಳಗೆ ಬಿಸಿಲಿದ್ದಾಗಲೂ ಮೇಲೆ ಗಾಳಿ ಮೈ ಕೊರೆಯುತ್ತದೆ.

ಫ್ರೇಸಿನೆಯಲ್ಲಿ ತಂದೆಯವರು ವೈನ್‌ಗ್ಲಾಸ್ ಕೊಲ್ಲಿಯ ವೀಕ್ಷಣಾ ಸ್ಥಳಕ್ಕೆ ಹತ್ತಿ ಇಳಿಯಲು ಒಂದೂವರೆ ಗಂಟೆ ಸಾಕು. ತಾಯಿಯವರಿಗೆ ಅಲ್ಲಿಯೇ ಹತ್ತಿರದ ಕೇಪ್ ಟೂರ್ವಿಲ್ ದೀಪಸ್ತಂಭದ ಬಳಿ ಸಮತಟ್ಟಾದ ಕಿರುದಾರಿಯಿದೆ. ಗುಲಾಬಿ ಬಣ್ಣದ ಗ್ರಾನೈಟ್ ಬೆಟ್ಟಗಳೂ ಸಮುದ್ರವೂ ಅಲ್ಲಿಂದ ಚೆನ್ನಾಗಿ ಕಾಣುತ್ತವೆ. ಬೇ ಆಫ್ ಫೈರ್ಸ್‌ನ ಬಂಡೆಗಳ ಕೆಂಗಿತ್ತಳೆ ಬಣ್ಣ ಕಲ್ಲುಹೂವಿನದು. ಅದರಿಂದಲೇ ಆ ಹೆಸರು ಬಂತೆಂದು ಬಹಳ ಜನ ತಿಳಿದಿದ್ದಾರೆ, ಆದರೆ 1773ರಲ್ಲಿ ಅಲ್ಲಿ ಹಾದುಹೋದ ನಾವಿಕ ಟೋಬಿಯಾಸ್ ಫರ್ನೋ ಹೆಸರಿಟ್ಟದ್ದು ದಡದಲ್ಲಿ ಮೂಲನಿವಾಸಿಗಳು ಹಾಕಿದ್ದ ಬೆಂಕಿಯನ್ನು ಕಂಡು.

ನನ್ನನ್ನು ಕೇಳಿದರೆ ಪಶ್ಚಿಮವನ್ನು ಬಿಟ್ಟು, ಕ್ರೇಡಲ್‌ನಲ್ಲಿ ಎರಡು ರಾತ್ರಿ ಉಳಿದು ಲಾನ್ಸೆಸ್ಟನ್‌ನಿಂದಲೇ ವಿಮಾನ ಹತ್ತಿ. ಸ್ಟ್ರಾನ್‌ನಿಂದ ಹೋಬಾರ್ಟಿಗೆ 300 ಕಿಲೋಮೀಟರ್ ತಿರುವುಗಳ ದಾರಿ, ಹಿರಿಯರಿಗೆ ದಣಿವಾಗುತ್ತದೆ.

ಕಾವೇರಿಯ ಮಗಳು:

ಬೇರೆಲ್ಲಕ್ಕಿಂತ ಮೊದಲು ಒಂದು ಮಾತು: ಸೂರ್ಯ ಮುಳುಗಿದ ಮೇಲೆ ಕಾರು ಓಡಿಸಬೇಡಿ. ಏಪ್ರಿಲ್ ಕೊನೆಗೆ ಅಲ್ಲಿ ಸಂಜೆ ಐದೂವರೆಯ ಒಳಗೇ ಸೂರ್ಯಾಸ್ತವಾಗುತ್ತದೆ. ಮೂರು ವರ್ಷಗಳ ಹಿಂದೆ ಇದೇ ತಿಂಗಳಲ್ಲಿ ನಾವು ಪೂರ್ವ ಕರಾವಳಿಯ ಬಿಚೆನೋ ಊರನ್ನು ದಾಟಿ ಬರುವಾಗ ಮುಸ್ಸಂಜೆಯಾಗಿತ್ತು. ಗಂಟೆಗೆ ಎಂಬತ್ತರ ವೇಗವಿದ್ದಿರಬೇಕು. ಪೊದೆಯಿಂದ ಹಾರಿದ ವಾಲಬಿಯೊಂದು (ಕಾಂಗರೂವಿನ ಜಾತಿಯ ಸಣ್ಣ ಪ್ರಾಣಿ) ಕಾರಿನ ಎಡಮೂಲೆಗೆ ಬಡಿಯಿತು. ಇಳಿದು ನೋಡಿದರೆ ಅದು ಸತ್ತಿತ್ತು, ಹೊಟ್ಟೆಯ ಚೀಲದೊಳಗೆ ಮಾತ್ರ ಏನೋ ಮಿಸುಕುತ್ತಿತ್ತು. ಕೂದಲು ಇನ್ನೂ ಸರಿಯಾಗಿ ಮೂಡದ, ಅಂಗೈಯಲ್ಲಿ ಹಿಡಿಸುವ ಮರಿ. ಬೊನೊರಾಂಗ್ ವನ್ಯಜೀವಿ ಕೇಂದ್ರದ ಸಹಾಯವಾಣಿ ಹಗಲಿರುಳೂ ಇರುತ್ತದೆ. ಅವರಿಗೆ ಕರೆ ಮಾಡಿ, ಅವರು ಹೇಳಿದಂತೆ ಮರಿಯನ್ನು ನನ್ನ ಉಣ್ಣೆಯ ಶಾಲಿನಲ್ಲಿ ಸುತ್ತಿ ಎದೆಗವಚಿಕೊಂಡು ಒಂದು ಗಂಟೆ ಕಾದೆ. ಅದನ್ನು ಒಯ್ದವರು ನನ್ನನ್ನು ಬೈಯಲಿಲ್ಲ, ಆದರೆ ಆ ಬಿಸುಪು ನನ್ನ ಕೈಯಿಂದ ಇನ್ನೂ ಹೋಗಿಲ್ಲ. ದಯವಿಟ್ಟು ಆ ಸಂಖ್ಯೆಯನ್ನು ಮೊದಲೇ ಫೋನಿನಲ್ಲಿ ಉಳಿಸಿಕೊಳ್ಳಿ.

ಬಾಡಿಗೆಗೆ ಕಾರು ಕೊಟ್ಟವರ ಕರಾರಿನಲ್ಲಿ, ಕತ್ತಲಾದ ಮೇಲೆ ಪ್ರಾಣಿಗೆ ಬಡಿದರೆ ವಿಮೆ ಸಲ್ಲುವುದಿಲ್ಲವೆಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ನಾವು ಓದಿರಲಿಲ್ಲ, ಪೂರ್ತಿ ಹಣ ತೆತ್ತೆವು. ಡಾಂಬರಿಲ್ಲದ ರಸ್ತೆಯ ಬಗ್ಗೆಯೂ ಇಂಥ ಷರತ್ತು ಇದ್ದೀತು, ನೋಡಿಕೊಳ್ಳಿ.

ಊಟಕ್ಕೆ ಅಡುಗೆಮನೆ ಇರುವ ಕೊಠಡಿಗಳನ್ನೇ ಹಿಡಿದು, ಕುಕ್ಕರ್, ಅಕ್ಕಿ, ಬೇಳೆ, ಸಾರಿನ ಪುಡಿ ಒಯ್ಯಿರಿ. ಸಣ್ಣ ಊರುಗಳ ಅಡುಗೆಮನೆಗಳು ಬೇಗ ಮುಚ್ಚುತ್ತವೆ, ಸಸ್ಯಾಹಾರಿಗಳಿಗೆ ಆಲೂಗಡ್ಡೆ ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ. ಹಸಿ ಹಣ್ಣು, ತರಕಾರಿ, ಸೊಪ್ಪನ್ನು ದ್ವೀಪದೊಳಕ್ಕೆ ಬಿಡುವುದಿಲ್ಲ, ವಿಮಾನ ನಿಲ್ದಾಣದಲ್ಲಿ ನಾಯಿ ಮೂಸಿ ನೋಡುತ್ತದೆ. ನಮ್ಮ ಅತ್ತೆಯವರ ಕೈಚೀಲದಲ್ಲಿದ್ದ ಕರಿಬೇವಿನ ಕಟ್ಟು ಅಲ್ಲಿಯೇ ಬುಟ್ಟಿ ಸೇರಿತು.

ಹಳೆಯ ಚಾರಣಿಗ:

ಹೋಬಾರ್ಟ್ ನಿವಾಸಿಯವರ ಅನುಭವದ ಮೇಲೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಪಶ್ಚಿಮವನ್ನು ಬಿಡಬೇಡಿ. ನಾನು ಕೂಡ ಆಗುಂಬೆಯ ಕಡೆಯವನು. ಸಮುದ್ರದಿಂದ ಬರುವ ಪಶ್ಚಿಮದ ಗಾಳಿ ಬೆಟ್ಟಕ್ಕೆ ಬಡಿದು ಸ್ಟ್ರಾನ್ ಬಳಿಯ ಕ್ವೀನ್ಸ್‌ಟೌನಿನಲ್ಲಿ ವರ್ಷಕ್ಕೆ ಸುಮಾರು 2,400 ಮಿಲಿಮೀಟರ್ ಮಳೆ ಸುರಿಸುತ್ತದೆ. ಮಳೆನೆರಳಿನಲ್ಲಿರುವ ಹೋಬಾರ್ಟಿಗೆ ಸಿಗುವುದು 600ರ ಆಸುಪಾಸು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೂರ್ವದ ಕಡಲತೀರಗಳು ಸುಂದರವೇ ಸರಿ, ಆದರೆ ದ್ವೀಪದ ಕಾಡು ಇರುವುದು ಪಶ್ಚಿಮದಲ್ಲಿ.

ಮಂಡಿನೋವಿನ ಕಾರಣಕ್ಕೆ ಅದನ್ನು ಬಿಡುವುದಂತೂ ತಲೆಕೆಳಗಾದ ಲೆಕ್ಕ. ಸ್ಟ್ರಾನ್‌ನಿಂದ ಬೆಳಿಗ್ಗೆ ಹೊರಡುವ ದೊಡ್ಡ ದೋಣಿಯಲ್ಲಿ ಕುಳಿತೇ ಗಾರ್ಡನ್ ನದಿಯ ಮಳೆಕಾಡಿನೊಳಗೆ ಹೋಗಿಬರಬಹುದು. ಸುಮಾರು ಆರು ಗಂಟೆಯ ಪಯಣ. ಕಾಡಿನ ಎಲೆ, ಬೇರು ನೆನೆದು ಆ ನದಿಯ ನೀರು ಚಹಾದ ಡಿಕಾಕ್ಷನ್ನಿನಂತೆ ಕಪ್ಪಗಿದ್ದು, ಗಾಳಿಯಿಲ್ಲದ ಹೊತ್ತಿನಲ್ಲಿ ಎರಡೂ ದಡದ ಮರಗಳನ್ನು ಕನ್ನಡಿಯಂತೆ ತೋರಿಸುತ್ತದೆ. ದಡದ ಹ್ಯುವಾನ್ ಪೈನ್ ಮರಗಳು ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಬದುಕಬಲ್ಲವು. ಸ್ಟ್ರಾನ್‌ನ ಮರದ ಮಿಲ್ಲಿನಲ್ಲಿ ಅದರ ಹತ್ತರಿ ಹೊಟ್ಟನ್ನು ಒಂದು ಹಿಡಿ ತೆಗೆದು ಮೂಸಲು ನಿಮ್ಮ ತಂದೆಯವರಿಗೆ ಹೇಳಿ. ಜೇನು ಬೆರೆಸಿದಂಥ ಆ ಪರಿಮಳ ನನ್ನ ಜೇಬಿನಲ್ಲಿ ವಾರಗಟ್ಟಲೆ ಉಳಿದಿತ್ತು.

ಗಾರ್ಡನ್‌ಗೆ ಸೇರುವ ಫ್ರಾಂಕ್ಲಿನ್ ನದಿಯನ್ನೂ ಮುಳುಗಿಸುವ ಅಣೆಕಟ್ಟೆಯ ಯೋಜನೆ ಇತ್ತು. 1982ರ ಡಿಸೆಂಬರಿನಿಂದ ಜನ ನದಿಗಿಳಿದು ತಡೆದರು, ಸಾವಿರಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು, 1983ರ ಜುಲೈಯಲ್ಲಿ ಆಸ್ಟ್ರೇಲಿಯಾದ ಹೈಕೋರ್ಟಿನ ತೀರ್ಪಿನಿಂದ ಯೋಜನೆ ನಿಂತಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಶಿರಸಿ ಬಳಿಯ ಸಾಲ್ಕಣಿಯವರು ಮರಗಳನ್ನು ಅಪ್ಪಿ ನಿಂತು ಅಪ್ಪಿಕೋ ಚಳವಳಿಯನ್ನು ಆರಂಭಿಸಿದ್ದು. ನಿಮ್ಮ ತಂದೆಯವರ ವಯಸ್ಸಿನವರಿಗೆ ಅದು ನೆನಪಿರುತ್ತದೆ.

ಸ್ಟ್ರಾನ್‌ನಲ್ಲಿ ಎರಡು ರಾತ್ರಿ ಉಳಿಯಿರಿ. ಮರಳುವ ದಿನ ಬೆಳಿಗ್ಗೆ ಎಂಟಕ್ಕೆ ಮೊದಲೇ ಹೊರಟು, ಕ್ವೀನ್ಸ್‌ಟೌನಿನಲ್ಲಿ ಪೆಟ್ರೋಲ್ ತುಂಬಿಸಿಕೊಳ್ಳಿ. ಅಲ್ಲಿಂದ ಡರ್ವೆಂಟ್ ಬ್ರಿಡ್ಜ್ ಎಂಬ ಊರಿನವರೆಗೆ ಬಂಕ್ ಇಲ್ಲ. ದಾರಿಯಲ್ಲಿ ನೆಲ್ಸನ್ ಜಲಪಾತಕ್ಕೆ ಹೋಗಿಬರಲು ಇಪ್ಪತ್ತು ನಿಮಿಷ ಸಾಕು.

ನೀವು ಹೋಗುವ ವಾರವೂ ಒಳ್ಳೆಯದೇ. ಫೇಗಸ್ ಎಂಬ ಸ್ಥಳೀಯ ಬೀಚ್ ಮರದ ಎಲೆಗಳು ಏಪ್ರಿಲ್ 25ರ ಆಸುಪಾಸಿನಲ್ಲಿ ಹಳದಿ, ಕೆಂಪು ಬಣ್ಣಕ್ಕೆ ತಿರುಗುತ್ತವೆ. ಕ್ರೇಡಲ್‌ನಲ್ಲಿ ಡವ್ ಸರೋವರದ ದಂಡೆಯಲ್ಲೂ ಅಲ್ಲಲ್ಲಿ ಕಾಣಬಹುದು. ಹಗಲಿನಲ್ಲಿ ಸರೋವರದವರೆಗೆ ಉದ್ಯಾನದ ಬಸ್ಸಿನಲ್ಲೇ ಹೋಗಬೇಕು.

ತುಂಗಾತೀರ:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮ ಉತ್ತರಗಳನ್ನು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅಪ್ಪಿಕೋ ಮಾತು ಬಂದಾಗ ಅವರು ಕನ್ನಡಕ ತೆಗೆದು, "ಹಾಗಾದರೆ ಆ ನದಿಯನ್ನು ನೋಡಲೇಬೇಕು" ಎಂದರು. ಬ್ರೂನಿ ಮತ್ತು ಪೋರ್ಟ್ ಆರ್ಥರ್ ಎರಡನ್ನೂ ಕೈಬಿಟ್ಟು, ಆ ದಿನವನ್ನು ಸ್ಟ್ರಾನ್‌ಗೆ ಕೊಟ್ಟಿದ್ದೇವೆ. ಪ್ರತಿದಿನ ಸಂಜೆ ನಾಲ್ಕೂವರೆಗೆ ಕಾರು ನಿಲ್ಲಿಸುವುದೆಂದು ಮನೆಯಲ್ಲಿ ಒಪ್ಪಂದವಾಗಿದೆ, ಸಹಾಯವಾಣಿಯ ಸಂಖ್ಯೆಯೂ ಫೋನಿನಲ್ಲಿದೆ. ಅಮ್ಮ ಕರಿಬೇವನ್ನು ಇಲ್ಲಿಯೇ ಹುರಿದು ಚಟ್ನಿಪುಡಿಗೆ ಬೆರೆಸುತ್ತಿದ್ದಾರೆ.