ಎಡಬ್ಲ್ಯೂಎಸ್ ಕಲಿಯಲಾ, ಜ್ಯಾಂಗೋ ಕಲಿಯಲಾ? ಯಾವುದು ಮೇಲು?

ಬಿಸಿಎ ಹುಡುಗ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ನಾನು ಬಿಸಿಎ ಕೊನೆಯ ವರ್ಷದಲ್ಲಿದ್ದೇನೆ. ಪೈಥಾನ್ ಸುಮಾರಾಗಿ ಬರುತ್ತದೆ. ನಮ್ಮೂರ ಗ್ರಂಥಾಲಯದ ಕನ್ನಡ ಪುಸ್ತಕಗಳನ್ನು ಹುಡುಕಲು ಒಂದು ಪುಟ್ಟ ವೆಬ್‌ಸೈಟನ್ನು ಜ್ಯಾಂಗೋದಲ್ಲಿ (ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟಲು ಇರುವ ಸಿದ್ಧ ಕೋಡಿನ ಚೌಕಟ್ಟು, ಅಂದರೆ ಫ್ರೇಮ್‌ವರ್ಕ್) ಮಾಡುತ್ತಿದ್ದೇನೆ. ಸದ್ಯಕ್ಕೆ ಲ್ಯಾಪ್‌ಟಾಪಿನಲ್ಲಿ ಮಾತ್ರ ಓಡುತ್ತಿದೆ.

ಇಲ್ಲಿನ ಒಂದು ಕೋಚಿಂಗ್ ಸೆಂಟರಿನವರು ಕ್ಲೌಡ್ ಕೋರ್ಸಿಗೆ (ನೆಟ್ ಮೂಲಕ ಕಂಪ್ಯೂಟರ್ ಬಾಡಿಗೆಗೆ ಕೊಡುವ ಅಮೆಜಾನಿನ ಎಡಬ್ಲ್ಯೂಎಸ್‌ನಂಥ ಸೇವೆಗಳ ಕೋರ್ಸು) ಸೇರು ಅಂತ ಬೆನ್ನು ಬಿದ್ದಿದ್ದಾರೆ. "ಜ್ಯಾಂಗೋ ಎಲ್ಲ ಹಳೇದಾಯ್ತು, ಎಡಬ್ಲ್ಯೂಎಸ್ ಕಲಿತರೆ ಅದು ಬೇಕೇ ಆಗಲ್ಲ" ಅನ್ನುತ್ತಾರೆ. ನೆಟ್‌ನಲ್ಲಿ ನೋಡಿದರೆ ಎರಡನ್ನೂ ಅಕ್ಕಪಕ್ಕ ಇಟ್ಟು ಸ್ಟಾರ್ ಕೊಟ್ಟ ಪಟ್ಟಿಗಳೂ ಇವೆ. ಎರಡನ್ನೂ ಕಲಿಯುವಷ್ಟು ದುಡ್ಡೂ ಇಲ್ಲ, ಟೈಮೂ ಇಲ್ಲ. ಯಾವುದನ್ನು ಹಿಡಿಯಲಿ?

ಇನ್ನೊಂದು ಕಿರಿಕಿರಿ ಇದೆ. ಪುಸ್ತಕದ ಹೆಸರಿನಲ್ಲಿ "ಮೈಸೂರು" ಇದ್ದರೆ ಲಿಂಕಿನಲ್ಲಿ "ಮಸರ" ಅಂತ ಬರುತ್ತಿದೆ. ಮೊದಲು ಅದೂ ಬರುತ್ತಿರಲಿಲ್ಲ, ಪೂರ್ತಿ ಖಾಲಿ. ಇಂಗ್ಲಿಷ್ ಅಲ್ಲದ ಅಕ್ಷರಗಳನ್ನೂ ಬಿಡುವ ಅಲೋ ಯೂನಿಕೋಡ್ ಆನ್ ಮಾಡಿದ ಮೇಲೆ ಇಷ್ಟು ಬಂತು. ಕ್ಲೌಡಿಗೆ ಹಾಕಿದರೆ ಸರಿಹೋಗುತ್ತದಾ?

ಮೂರನೇ ಮಹಡಿ:

ಸಿಂಪಲ್. ಎಡಬ್ಲ್ಯೂಎಸ್ ಅಂದರೆ ಮನೆ ಕಟ್ಟುವ ಸೈಟು (ಜಾಗ), ಜ್ಯಾಂಗೋ ಅಂದರೆ ಮನೆ ಕಟ್ಟುವ ಸಾಮಾನು. ಹೋಲಿಸಲಿಕ್ಕೇ ಬರಲ್ಲ. ಸಂಬಳ ಜಾಸ್ತಿ ಬೇಕಾದರೆ ಕ್ಲೌಡ್ ಹಿಡಿಯಿರಿ.

ಹಳೇ ಸರ್ವರ್ (ಹುಬ್ಬಳ್ಳಿ):

ಸೈಟು-ಮನೆ ಮಾತು ಅರ್ಧ ಸರಿ. ಉಳಿದ ಅರ್ಧದಲ್ಲೇ ಕೋಚಿಂಗ್ ಸೆಂಟರಿನವರು ಆಟ ಆಡುವುದು. ಯಾಕೆಂದರೆ ಕ್ಲೌಡ್ ಕಂಪನಿಗಳು ಬರೀ ಸೈಟು ಮಾರುವುದಿಲ್ಲ. ಲಾಗಿನ್ ಬೇಕಾ, ಎಡಬ್ಲ್ಯೂಎಸ್‌ನಲ್ಲಿ ಕಾಗ್ನಿಟೋ ಇದೆ. ಜ್ಯಾಂಗೋದಲ್ಲೂ ಲಾಗಿನ್ ಇದ್ದೇ ಇದೆ. ಹೀಗೆ ಅಲ್ಲಲ್ಲಿ ಒಂದರ ಮೇಲೊಂದು ಬರುತ್ತವೆ.

ನಾನು ಸಣ್ಣ ಕಂಪನಿಯೊಂದರಲ್ಲಿ ಜ್ಯಾಂಗೋ ವೆಬ್‌ಸೈಟುಗಳನ್ನು ನೋಡಿಕೊಳ್ಳುತ್ತೇನೆ. ಕೋಡ್ ಬರೆಯುವವನೂ ನಾನೇ, ತಿಂಗಳ ಕೊನೆಗೆ ಕ್ಲೌಡ್ ಬಿಲ್ಲಿನ ಮುಂದೆ ಕೂರುವವನೂ ನಾನೇ. ಏನಾದರೂ ಕೆಟ್ಟಾಗ ಮೊದಲು ನೋಡುವುದು ಒಂದೇ: ಇದು ನನ್ನ ಲ್ಯಾಪ್‌ಟಾಪಿನಲ್ಲೂ ಹೀಗೇ ಆಗುತ್ತದಾ? ಆಗುವುದಾದರೆ ಸಾಮಾನ್ಯವಾಗಿ ಕೋಡ್ ಅಥವಾ ಫ್ರೇಮ್‌ವರ್ಕಿನ ಕಡೆಯದು. ಇಲ್ಲದಿದ್ದರೆ ಪ್ಲಾಟ್‌ಫಾರ್ಮ್ (ಕೋಡ್ ಓಡುವ ಬಾಡಿಗೆ ಜಾಗ) ಕಡೆ ತಿರುಗುತ್ತೇನೆ.

ನಿಮ್ಮ "ಮಸರ" ಲ್ಯಾಪ್‌ಟಾಪಿನಲ್ಲೇ ಇದೆ. ಹೆಸರನ್ನು ಸ್ಲಗ್, ಅಂದರೆ ಲಿಂಕಿನಲ್ಲಿ ಹಾಕುವ ತುಣುಕಾಗಿ ಮಾಡುವ ಜ್ಯಾಂಗೋದ ಸ್ಲಗಿಫೈ ಫಂಕ್ಷನ್ ಅಕ್ಷರ, ಅಂಕಿ, ಅಡ್ಡಗೆರೆಯಂಥವನ್ನು ಇಟ್ಟುಕೊಂಡು ಉಳಿದದ್ದನ್ನೆಲ್ಲ ಕಿತ್ತು ಹಾಕುತ್ತದೆ. ಪೈಥಾನ್ ಲೆಕ್ಕದಲ್ಲಿ "ಮ" ಒಂದು ಅಕ್ಷರ. ಅದಕ್ಕೆ ಅಂಟಿದ ಐತ್ವ ಅಕ್ಷರವಲ್ಲ, ಬರೀ ಗುರುತು. ಹಾಗಾಗಿ ಐತ್ವ, ಕೊಂಬು, ದೀರ್ಘ ಎಲ್ಲ ಹೋಗುತ್ತವೆ. ಒತ್ತಕ್ಷರವೂ ಉಳಿಯುವುದಿಲ್ಲ, "ಕನ್ನಡ" ಹೋಗಿ "ಕನನಡ" ಆಗುತ್ತದೆ. ಹಿಂದಿ, ತಮಿಳಿನವರ ಪಾಡೂ ಇದೇ. ಎಷ್ಟೇ ದೊಡ್ಡ ಮೆಷಿನ್ ಬಾಡಿಗೆಗೆ ತಂದರೂ ಅಲ್ಲೂ "ಮಸರ"ವೇ. ಕನ್ನಡದ ಯೂನಿಕೋಡ್ ಬ್ಲಾಕಿನಲ್ಲಿ ಇರುವುದನ್ನೆಲ್ಲ ಉಳಿಸುವ ನಿಮ್ಮದೇ ಫಂಕ್ಷನ್ ಬರೆಯಬಹುದು. ಆದರೆ ಆಮೇಲೆ ಸ್ಲಗ್ ಫೀಲ್ಡಿನ ತಪಾಸಣೆ ತಕರಾರು ಮಾಡುತ್ತದೆ. ಯುಆರ್‌ಎಲ್ (ಲಿಂಕ್ ವಿಳಾಸ) ನಮೂನೆಯಲ್ಲಿ ಸ್ಲಗ್ ಅಂತ ಬರೆದಿದ್ದರೆ ಅದಂತೂ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆಯಂಥವು ಬಿಟ್ಟು ಬೇರೇನೂ ಒಪ್ಪುವುದಿಲ್ಲ. ನನ್ನನ್ನು ಕೇಳಿದರೆ ಲಿಂಕಿನಲ್ಲಿ ಪುಸ್ತಕದ ನಂಬರ್ ಹಾಕಿ ಮುಗಿಸಿ. ಕನ್ನಡ ಲಿಂಕನ್ನು ವಾಟ್ಸಾಪಿಗೆ ಅಂಟಿಸಿದರೆ ಹೆಚ್ಚಾಗಿ ಉದ್ದದ ಪರ್ಸೆಂಟ್ ಸರಮಾಲೆ ಬರುತ್ತದೆ, ಯಾರೂ ಓದಲ್ಲ.

ಈಗ ಉಲ್ಟಾ ಉದಾಹರಣೆ. ಪುಸ್ತಕದ ಮುಖಪುಟದ ಫೋಟೋ ಅಪ್‌ಲೋಡ್ ಮಾಡುತ್ತೀರಿ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಕಾಣುತ್ತದೆ. ಅದೇ ಕೋಡನ್ನು ಹೆರೋಕು ಅನ್ನುವ ಕ್ಲೌಡ್ ಸೇವೆಯಂಥ ಕಡೆ ಹಾಕಿ, ಮರುದಿನ ಫೋಟೋ ಮಾಯ. ಅಲ್ಲಿನ ಡೈನೋ (ನಿಮ್ಮ ಕೋಡ್ ಓಡುವ ಪುಟ್ಟ ಮೆಷಿನ್) ದಿನಕ್ಕೊಮ್ಮೆಯಾದರೂ ಮರುಶುರುವಾಗುತ್ತದೆ, ಅದರ ಡಿಸ್ಕಿಗೆ ಬರೆದದ್ದು ಉಳಿಯುವುದಿಲ್ಲ. ಇಡೀ ಡೇಟಾಬೇಸನ್ನು ಒಂದೇ ಫೈಲಿನಲ್ಲಿಡುವ ಎಸ್‌ಕ್ಯೂಲೈಟ್ ಬಳಸಿದ್ದರೆ ಡೇಟಾಬೇಸೂ ಹೋಯಿತು. ಇಲ್ಲಿ ಜ್ಯಾಂಗೋ ಪುಸ್ತಕ ತಿರುವಿ ಪ್ರಯೋಜನ ಇಲ್ಲ. ಫೋಟೋಗಳನ್ನು ಎಸ್3 (ಎಡಬ್ಲ್ಯೂಎಸ್‌ನ ಫೈಲ್ ಉಗ್ರಾಣ) ನಂಥ ಜಾಗಕ್ಕೆ ಕಳಿಸಬೇಕು. ಹಾಗೇ ಮೆಷಿನ್ ಎಲ್ಲಿದೆ ಅನ್ನುವುದು. ಎಡಬ್ಲ್ಯೂಎಸ್‌ಗೆ ಬೆಂಗಳೂರಿನಲ್ಲಿ ರೀಜನ್ (ಡೇಟಾ ಸೆಂಟರುಗಳ ಗುಂಪು) ಇಲ್ಲ. ಮುಂಬೈ 2016ರಲ್ಲಿ ಬಂತು, ಹೈದರಾಬಾದ್ 2022ರಲ್ಲಿ. ನೋಡದೆ ವರ್ಜೀನಿಯಾ ಆರಿಸಿದರೆ ಪ್ರತಿ ಕ್ಲಿಕ್ಕೂ ಅಮೆರಿಕಕ್ಕೆ ಹೋಗಿ ಬರುತ್ತದೆ. ಅದನ್ನು ಯಾವ ಫ್ರೇಮ್‌ವರ್ಕೂ ತಪ್ಪಿಸಲಾರದು.

"ಹಳೇದಾಯ್ತು" ಅನ್ನುವ ಮಾತಿಗೆ ನಗು ಬಂತು. ಜ್ಯಾಂಗೋ ಹುಟ್ಟಿದ್ದು ಅಮೆರಿಕದ ಕಾನ್ಸಸ್‌ನ ಲಾರೆನ್ಸ್ ಅನ್ನುವ ಊರಿನ ಪತ್ರಿಕೆಯಲ್ಲಿ. ಸುದ್ದಿಮನೆಯವರು ಬೆಳಿಗ್ಗೆ ಕೇಳಿದ ಪುಟ ಸಂಜೆಗೆ ಬೇಕಾಗುತ್ತಿತ್ತು, ಅದಕ್ಕೆ ಮಾಡಿಕೊಂಡ ಸಾಮಾನು ಅದು. 2005ರ ಜುಲೈನಲ್ಲಿ ಎಲ್ಲರಿಗೂ ಬಿಟ್ಟರು. ಎಸ್3 ಬಂದದ್ದು 2006ರ ಮಾರ್ಚ್, ಮೆಷಿನ್ ಬಾಡಿಗೆಗೆ ಕೊಡುವ ಇಸಿ2 ಅದೇ ವರ್ಷದ ಆಗಸ್ಟ್. ಒಂದು ವರ್ಷದ ಅಂತರಕ್ಕೆ ಒಂದು ಹಳೇದು, ಇನ್ನೊಂದು ಹೊಸದಾ?

ಇನ್‌ಸ್ಟಾಗ್ರಾಮ್ ನೋಡಿ. 2010ರಲ್ಲಿ ಜ್ಯಾಂಗೋದಲ್ಲೇ ಶುರುವಾಯಿತು. ಎಡಬ್ಲ್ಯೂಎಸ್ ಮೇಲೆ ಬೆಳೆಯಿತು. 2012ರಲ್ಲಿ ಫೇಸ್‌ಬುಕ್ ಕೊಂಡುಕೊಂಡ ಮೇಲೆ ಎಲ್ಲವನ್ನೂ ಅಮೆಜಾನಿನಿಂದ ಕಿತ್ತು ತಮ್ಮದೇ ಡೇಟಾ ಸೆಂಟರುಗಳಿಗೆ ಸಾಗಿಸಿದರು. ಜ್ಯಾಂಗೋ ಬಿಡಲಿಲ್ಲ.

ಹಾಗಂತ ಎರಡನ್ನೂ ಹೋಲಿಸುವುದೇ ದಡ್ಡತನ ಅಂತ ನಾನು ಹೇಳುವುದಿಲ್ಲ. ಒಂದು ಜಾಗದಲ್ಲಿ ಹೋಲಿಕೆಗೆ ಅರ್ಥ ಇದೆ. 2008ರ ಏಪ್ರಿಲ್‌ನಲ್ಲಿ ಗೂಗಲ್ ಆ್ಯಪ್ ಎಂಜಿನ್ ಬಂತು, ನಿಮ್ಮ ಕೋಡನ್ನು ಗೂಗಲ್ ತನ್ನ ಮೆಷಿನ್‌ಗಳಲ್ಲಿ ಓಡಿಸುವ ಸೇವೆ. ಆಗ ಪೈಥಾನ್ ಮಾತ್ರ. ಜ್ಯಾಂಗೋ 0.96 ಜೊತೆಗೇ ಇತ್ತು. ಆದರೆ ಒಳಗಿದ್ದ ಡೇಟಾಬೇಸ್ ಗೂಗಲ್‌ನವರದೇ ಡೇಟಾಸ್ಟೋರ್, ಜ್ಯಾಂಗೋ ಮಾತಾಡುವ ಎಸ್‌ಕ್ಯೂಎಲ್ ಭಾಷೆಯ ಡೇಟಾಬೇಸ್ ಅಲ್ಲ. ಹಾಗಾಗಿ ಜ್ಯಾಂಗೋದ ಮಾಡೆಲ್‌ಗಳು (ಡೇಟಾಬೇಸಿನ ಜೊತೆ ಮಾತಾಡುವ ಕೋಡ್) ನಡೆಯಲಿಲ್ಲ, ಅವುಗಳ ಮೇಲೆ ನಿಂತ ಅಡ್ಮಿನ್ನೂ (ಡೇಟಾ ತುಂಬಿಸಿ ತಿದ್ದುವ ಸಿದ್ಧ ಪುಟಗಳು) ಇಲ್ಲ. ಅಡ್ಮಿನ್ ಇಲ್ಲದ ಜ್ಯಾಂಗೋ ಯಾರಿಗೆ ಬೇಕು ಹೇಳಿ! ಅಲ್ಲಿ ಬರೆದ ಡೇಟಾ ಕೋಡನ್ನು ಬೇರೆ ಕಡೆ ಒಯ್ಯಬೇಕೆಂದರೆ ಮತ್ತೆ ಬರೆಯಬೇಕಿತ್ತು. ಇವತ್ತಿನ ಕ್ಲೌಡ್ ಸೇವೆಗಳಲ್ಲಿ ಎಡಬ್ಲ್ಯೂಎಸ್‌ನ ಲ್ಯಾಂಬ್ಡಾ, ಡೈನಮೋಡಿಬಿ, ಗೂಗಲ್‌ನ ಫೈರ್‌ಬೇಸ್ ಎಲ್ಲ ಇದೇ ಜಾತಿ. ಪ್ಲಾಟ್‌ಫಾರ್ಮ್ "ನನ್ನ ರೀತಿಯಲ್ಲೇ ಕೋಡ್ ಬರಿ" ಅಂದಾಗ ಅದು ಫ್ರೇಮ್‌ವರ್ಕಿನ ಕೆಲಸಕ್ಕೆ ಕೈ ಹಾಕಿದೆ ಅಂತ ಲೆಕ್ಕ. ಅಲ್ಲಿ ಯಾವುದು ಬೇಕು ಅಂತ ನಿಜವಾಗಿಯೂ ಆರಿಸಬೇಕಾಗುತ್ತದೆ.

ನಿಮಗೆ ಈಗ ಜ್ಯಾಂಗೋ ಸಾಕು. ಕಲಿಯಲು ಖರ್ಚಿಲ್ಲ. ವೆಬ್‌ಸೈಟು ಮುಗಿದ ದಿನ ಒಂದು ಸಣ್ಣ ಲಿನಕ್ಸ್ ಮೆಷಿನ್ ಬಾಡಿಗೆಗೆ ತಗೊಂಡು ನೀವೇ ಏರಿಸಿ. ಅಲ್ಲಿ ಗುನಿಕಾರ್ನ್ (ಪೈಥಾನ್ ಕೋಡ್ ಓಡಿಸುವ ಸರ್ವರ್), ಎಂಜಿನ್‌ಎಕ್ಸ್ (ಅದರ ಮುಂದೆ ನಿಲ್ಲುವ ವೆಬ್ ಸರ್ವರ್), ಫೈರ್‌ವಾಲ್, ಡೊಮೈನ್ ಎಲ್ಲ ಕೈಗೆ ಹತ್ತುತ್ತದೆ. ಕ್ಲೌಡ್ ಕೋರ್ಸಿನ ಮೊದಲ ಭಾಗ ಬಹುಪಾಲು ಅದೇ.

ಮೂರನೇ ಮಹಡಿ:

ಒಪ್ಪಿದೆ, ಆದರೆ ಬರೀ ಜ್ಯಾಂಗೋ ಅಂತ ಹೋದರೆ ಇಂಟರ್‌ವ್ಯೂನಲ್ಲಿ "ಎಲ್ಲಿ ಡಿಪ್ಲಾಯ್ ಮಾಡಿದ್ದೀರಿ (ಸರ್ವರಿಗೆ ಏರಿಸಿದ್ದೀರಿ)" ಅಂತ ಕೇಳೇ ಕೇಳುತ್ತಾರೆ.

ಹಳೇ ಸರ್ವರ್ (ಹುಬ್ಬಳ್ಳಿ):

ಕೇಳಲಿ. "ನಾನೇ ಏರಿಸಿದೆ, ಲಿಂಕ್ ಇಲ್ಲಿದೆ" ಅಂದರಾಯ್ತಲ್ವಾ.

ಬಿಸಿಎ ಹುಡುಗ (ದಾವಣಗೆರೆ):

ತುಂಬಾ ಥ್ಯಾಂಕ್ಸ್ ಸರ್. ಎಡಬ್ಲ್ಯೂಎಸ್ 12 ತಿಂಗಳು ಫ್ರೀ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಅಲ್ಲೇ ಏರಿಸಲಾ? ಎಸ್‌ಕ್ಯೂಲೈಟ್ ಸಾಕಾ?

ಕರಾವಳಿ ಕೋಡ್:

ಆ ವಿಡಿಯೋ ಹಳೆಯದು. 2025ರ ಜುಲೈ ಮಧ್ಯದಿಂದ ತೆರೆದ ಹೊಸ ಖಾತೆಗಳಿಗೆ 12 ತಿಂಗಳ ಲೆಕ್ಕ ಇಲ್ಲ. ಕ್ರೆಡಿಟ್ ಕೊಡುತ್ತಾರೆ, ಫ್ರೀ ಪ್ಲಾನ್ ಹೆಚ್ಚೆಂದರೆ 6 ತಿಂಗಳು. ನೆಟ್‌ನಲ್ಲಿ ಮೆಷಿನ್ ಸಿಗಲು ಬೇಕಾದ ಪಬ್ಲಿಕ್ ಐಪಿವಿ4 ವಿಳಾಸಕ್ಕೂ 2024ರ ಫೆಬ್ರವರಿಯಿಂದ ಗಂಟೆಗೆ 0.005 ಡಾಲರ್ ಇದೆ, ತಿಂಗಳಿಗೆ ಸುಮಾರು 3.6 ಡಾಲರ್. ಮೆಷಿನ್ ಸ್ಟಾಪ್ ಮಾಡಿದರೂ ಡಿಸ್ಕಿನ ದುಡ್ಡು ನಿಲ್ಲಲ್ಲ. ಬಜೆಟ್ ಅಲರ್ಟ್ ಹಾಕಿಕೊಳ್ಳಿ, ಆದರೆ ಸುಮ್ನೆ ಹಾಕಿಟ್ಟರೆ ಅದು ಮೇಲ್ ಕಳಿಸುತ್ತದೆ ಅಷ್ಟೆ, ಏನನ್ನೂ ನಿಲ್ಲಿಸಲ್ಲ.

ಹಳೇ ಸರ್ವರ್ (ಹುಬ್ಬಳ್ಳಿ):

ಒಂದು ಗ್ರಂಥಾಲಯದ ಪಟ್ಟಿಗೆ ಎಸ್‌ಕ್ಯೂಲೈಟ್ ಧಾರಾಳ ಸಾಕು, ಆದರೆ ಡಿಸ್ಕ್ ಉಳಿಯುವ ಮೆಷಿನ್ ಆಗಿರಬೇಕು. ರಾತ್ರಿ ಆ ಡೇಟಾಬೇಸಿನ ಒಂದು ಬ್ಯಾಕಪ್ ಬೇರೆ ಕಡೆ ಹೋಗುವ ಹಾಗೆ ಕ್ರಾನ್ (ಹೇಳಿದ ಹೊತ್ತಿಗೆ ತಾನೇ ಕೆಲಸ ಮಾಡುವ ಲಿನಕ್ಸ್ ಸಾಧನ) ಹಾಕಿ. ಏರಿಸುವ ಮೊದಲು ಸೆಟ್ಟಿಂಗ್ಸ್‌ನಲ್ಲಿ ಡೀಬಗ್ (ತಪ್ಪಾದಾಗ ಒಳಗಿನ ವಿವರ ತೋರಿಸುವುದು) ಫಾಲ್ಸ್ ಮಾಡಿ, ಅಲೋಡ್ ಹೋಸ್ಟ್ಸ್‌ನಲ್ಲಿ ನಿಮ್ಮ ಡೊಮೈನ್ ಬರೆಯಿರಿ. ಸೆಟ್ಟಿಂಗ್ಸ್‌ನಲ್ಲಿರುವ ಸೀಕ್ರೆಟ್ ಕೀ (ಜ್ಯಾಂಗೋದ ಗುಟ್ಟಿನ ಕೀ) ಕೋಡ್ ಇಡುವ ಗಿಟ್‌ಹಬ್‌ಗೆ ಹೋಗಿದೆಯಾ ನೋಡಿ. ಹೋಗಿದ್ದರೆ ಫೈಲ್ ಅಳಿಸಿದರೆ ಸಾಲದು, ಹಳೆಯ ಕಮಿಟ್‌ಗಳಲ್ಲಿ (ಉಳಿದ ಹಳೇ ಪ್ರತಿಗಳಲ್ಲಿ) ಇರುತ್ತದೆ. ಕೀಯನ್ನೇ ಬದಲಿಸಿ.