ಮನೆಯ ಕಸವನ್ನು ಸುಡಬೇಕೇ? ತ್ಯಾಜ್ಯ ನಿರ್ವಹಣಾ ಎಂಜಿನಿಯರರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ಮಾನ್ಯರೇ, ಮನೆಗಳ ಕಸವನ್ನು ಸುಟ್ಟು ವಿದ್ಯುತ್ ತಯಾರಿಸುವ ಘಟಕಗಳ ಮಾತು ಬಂದಾಗಲೆಲ್ಲ ಎರಡು ಪಕ್ಷಗಳಾಗುತ್ತವೆ. ಕಸದ ರಾಶಿ ಕರಗಿ ವಿದ್ಯುತ್ತೂ ಸಿಗುತ್ತದೆ ಎಂದು ಕೆಲವರು ಹೇಳಿದರೆ, ಹೊಗೆಯಲ್ಲಿ ಡಯಾಕ್ಸಿನ್ ಎಂಬ ವಿಷ ಬರುತ್ತದೆ ಎಂದು ಇನ್ನು ಕೆಲವರು ವಿರೋಧಿಸುತ್ತಾರೆ. ತಾವು ಇದೇ ಕ್ಷೇತ್ರದಲ್ಲಿರುವವರು. ಯಾರ ಮಾತನ್ನು ನಂಬಬೇಕು?

ಉತ್ತರ: ಎರಡೂ ಕಡೆಯ ಮಾತಿನಲ್ಲಿ ಸತ್ಯವಿದೆ. ಆದರೆ ಇಬ್ಬರೂ ಚಿಮ್ನಿಯ ತುದಿಯನ್ನು ನೋಡುತ್ತಿದ್ದಾರೆ. ನಾನು ಮೊದಲು ನೋಡುವುದು ಕುಲುಮೆಯ ಬಾಯಿಗೆ ಬೀಳುವ ಕಸವನ್ನು, ಅದರಲ್ಲೂ ಆ ಕಸದಲ್ಲಿರುವ ನೀರನ್ನು. ಅಡುಗೆಮನೆಯ ಹಸಿ ಕಸದ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ ಇರುತ್ತದೆ. ಒಂದು ಕಿಲೋ ನೀರನ್ನು ಆವಿಯಾಗಿಸಲು ಸುಮಾರು 2.4 ಮೆಗಾಜೂಲ್ ಶಾಖ ಬೇಕು. ಹಾಗಾಗಿ ಹಸಿ ಕಸದ ಒಣ ಅಂಶ ಉರಿದು ಕೊಡುವ ಶಾಖದಲ್ಲಿ ಅರ್ಧದಷ್ಟು ಅದರದೇ ನೀರನ್ನು ಆರಿಸಲು ಖರ್ಚಾಗಿಬಿಡುತ್ತದೆ. ಕುಲುಮೆಗೆ ಬರುವ ಕಸದ ಶಾಖಮೌಲ್ಯ, ಅಂದರೆ ಅದು ಉರಿದಾಗ ಸಿಗುವ ಶಾಖ, ಯಾವ ಋತುವಿನಲ್ಲೂ ಕಿಲೋಗೆ 6 ಮೆಗಾಜೂಲ್‌ಗಿಂತ ಕೆಳಗಿಳಿಯಬಾರದು, ವರ್ಷದ ಸರಾಸರಿ 7 ಇರಬೇಕು ಎಂಬುದು ವಿಶ್ವ ಬ್ಯಾಂಕಿನ ಮಾರ್ಗದರ್ಶಿ ಸೂತ್ರ. ಹಸಿ ಕಸ ಹೆಚ್ಚಿರುವ ಕಡೆ, ಅದೂ ಮಳೆಗಾಲದಲ್ಲಿ, ಈ ಮಟ್ಟ ಮುಟ್ಟುವುದು ಬಹಳ ಕಷ್ಟ. 1980ರ ದಶಕದ ಕೊನೆಯಲ್ಲಿ ಡೆನ್ಮಾರ್ಕಿನ ತಂತ್ರಜ್ಞಾನದಿಂದ ದೆಹಲಿಯ ತಿಮಾರ್‌ಪುರದಲ್ಲಿ ಕಟ್ಟಿದ ಘಟಕವು ಕೆಲವೇ ವಾರ ನಡೆದು ನಿಂತುಹೋಯಿತು. ಅಲ್ಲಿಗೆ ಬಂದ ಕಸದ ಶಾಖಮೌಲ್ಯ ವಿನ್ಯಾಸದ ಲೆಕ್ಕಕ್ಕಿಂತ ತೀರ ಕಡಿಮೆಯಿತ್ತು.

ಪ್ರಶ್ನೆ: ಹಾಗಾದರೆ ಡಯಾಕ್ಸಿನ್ ಭಯ ಅನಗತ್ಯವೇ?

ಉತ್ತರ: ಅನಗತ್ಯವಲ್ಲ. ಆದರೆ ಅದು ಹುಟ್ಟುವ ಬಗೆಯನ್ನು ತಿಳಿದರೆ ಎಲ್ಲಿ ಎಚ್ಚರ ಬೇಕೆಂಬುದು ಸ್ಪಷ್ಟವಾಗುತ್ತದೆ. ಸುಟ್ಟ ಅನಿಲವನ್ನು 850 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿನ ಉಷ್ಣದಲ್ಲಿ ಕನಿಷ್ಠ 2 ಸೆಕೆಂಡು ಹಿಡಿದಿಟ್ಟರೆ ಡಯಾಕ್ಸಿನ್ ಬಹುತೇಕ ಒಡೆದುಹೋಗುತ್ತದೆ. ಯುರೋಪಿನ ನಿಯಮವೂ ಇದನ್ನೇ ಕೇಳುತ್ತದೆ. ತೊಂದರೆ ಶುರುವಾಗುವುದು ಆ ಅನಿಲ ತಣಿಯುವಾಗ. ಸುಮಾರು 450ರಿಂದ 200 ಡಿಗ್ರಿಯ ನಡುವೆ ಬೂದಿಯ ಕಣಗಳ ಮೇಲೆ ಅದು ಮತ್ತೆ ಹುಟ್ಟುತ್ತದೆ. ಅದಕ್ಕಾಗಿಯೇ ಅನಿಲವನ್ನು ಬೇಗ ತಣಿಸಿ, ಸಕ್ರಿಯ ಇದ್ದಿಲಿನ ಪುಡಿಯನ್ನು ಊದಿ, ಬಟ್ಟೆಯ ಚೀಲಗಳ ಫಿಲ್ಟರಿನಲ್ಲಿ ಸೋಸುತ್ತಾರೆ. ಯುರೋಪಿನಲ್ಲಿ ಬಹುಕಾಲದಿಂದ ಇರುವ ಮಿತಿ, ಒಂದು ಘನ ಮೀಟರ್ ಅನಿಲಕ್ಕೆ 0.1 ನ್ಯಾನೋಗ್ರಾಂ. ಚೆನ್ನಾಗಿ ನಡೆಯುವ ಘಟಕಗಳು ಇದರೊಳಗೆ ಉಳಿಯುತ್ತವೆ.

ಆದರೆ ಕುಲುಮೆಯನ್ನು ಹೊತ್ತಿಸುವಾಗ, ಆರಿಸುವಾಗ ಮತ್ತು ಒದ್ದೆ ಕಸ ಬಂದು ಉಷ್ಣ ಕುಸಿದಾಗ ಹೊರಸೂಸುವಿಕೆ ಏರುತ್ತದೆ. ವರ್ಷಕ್ಕೆ ಒಂದೆರಡು ಬಾರಿ ಕೆಲವು ಗಂಟೆಗಳಷ್ಟೇ ಮಾಪನ ಮಾಡುವ ಪದ್ಧತಿಯಿರುವ ಕಡೆ ಈ ಏರಿಕೆ ದಾಖಲೆಗೇ ಬರುವುದಿಲ್ಲ. ನನ್ನನ್ನು ಹೆಚ್ಚು ಕಾಡುವ ಸಂಗತಿ ಇನ್ನೊಂದಿದೆ. ಫಿಲ್ಟರ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆಯೋ ಅದು ಹಿಡಿದ ಹಾರುಬೂದಿ ಅಷ್ಟೇ ವಿಷಯುಕ್ತವಾಗುತ್ತದೆ. ಸೀಸ, ಕ್ಯಾಡ್ಮಿಯಂ, ಡಯಾಕ್ಸಿನ್ ಎಲ್ಲವೂ ಗಾಳಿಯಿಂದ ಬೂದಿಗೆ ಸ್ಥಳ ಬದಲಿಸಿರುತ್ತವೆ, ಅಷ್ಟೆ. ಸುಟ್ಟ ಮೇಲೆ ಕಸದ ಗಾತ್ರ ಸುಮಾರು 90% ಕುಗ್ಗುತ್ತದೆ ಎಂಬುದು ನಿಜ. ತೂಕದಲ್ಲಿ ಮಾತ್ರ ನಾಲ್ಕರಲ್ಲಿ ಒಂದು ಪಾಲಿನಷ್ಟು ಬೂದಿ ಉಳಿಯುತ್ತದೆ, ಅದರಲ್ಲಿ ಅಪಾಯಕಾರಿಯಾದ ಹಾರುಬೂದಿಗೆ ಪ್ರತ್ಯೇಕ, ಭದ್ರವಾದ ಗುಂಡಿ ಬೇಕೇ ಬೇಕು. ಹಾಗಾಗಿ ಭೂಭರ್ತಿಯೇ, ಅಂದರೆ ಕಸ ಹೂಳುವ ಜಾಗವೇ, ಬೇಡ ಎಂಬ ಭರವಸೆಯನ್ನು ಯಾರೂ ಕೊಡಲಾಗದು.

ಒಂದು ಮಾತನ್ನು ಇಲ್ಲಿಯೇ ಸೇರಿಸುತ್ತೇನೆ. ಘಟಕವನ್ನು ವಿರೋಧಿಸುವವರು ಬೀದಿಬದಿಯಲ್ಲೋ ಹಿತ್ತಲಲ್ಲೋ ಕಸಕ್ಕೆ ಬೆಂಕಿ ಇಡುವುದನ್ನು ಕಂಡೂ ಸುಮ್ಮನಿರಬಾರದು. ಕಿಲೋಗೆ ಲೆಕ್ಕ ಹಾಕಿದರೆ ಆ ಹೊಗೆಯಲ್ಲಿರುವ ಡಯಾಕ್ಸಿನ್ ಸುಸಜ್ಜಿತ ಘಟಕದ್ದಕ್ಕಿಂತ ಹತ್ತಾರು ಪಟ್ಟು ಹೆಚ್ಚು.

ಇನ್ನೊಬ್ಬರ ಪ್ರಶ್ನೆ: ಸ್ವೀಡನ್, ಡೆನ್ಮಾರ್ಕ್‌ಗಳಲ್ಲಿ ನಗರದ ಮಧ್ಯೆಯೇ ಇಂಥ ಘಟಕಗಳಿವೆಯಲ್ಲ, ಸರ್? ಅವರಿಗೆ ಸಾಧ್ಯವಾದದ್ದು ಉಳಿದವರಿಗೇಕೆ ಆಗದು?

ಉತ್ತರ: ಕೋಪನ್‌ಹೇಗನ್ನಿನ ಅಮಾಗರ್ ಬಕೆ ಘಟಕದ ಛಾವಣಿಯ ಮೇಲೆ ಜನ ಸ್ಕೀಯಿಂಗ್ ಆಡುತ್ತಾರೆ, ತಾಂತ್ರಿಕವಾಗಿ ಅದು ಶ್ಲಾಘನೀಯ ಕೆಲಸ. ಆದರೆ ಅಲ್ಲಿ ಚಳಿಗಾಲ ದೀರ್ಘ, ಘಟಕದ ಬಿಸಿನೀರು ಕೊಳವೆಗಳ ಮೂಲಕ ಮನೆಗಳನ್ನು ಬೆಚ್ಚಗಿಡುತ್ತದೆ. ಶಾಖಕ್ಕೂ ಬಳಕೆಯಿದ್ದರೆ ಕಸದ ಶಕ್ತಿಯ 80%ಕ್ಕಿಂತ ಹೆಚ್ಚು ಉಪಯೋಗವಾಗಬಹುದು. ಬರೀ ವಿದ್ಯುತ್ ತೆಗೆದರೆ ಅದು ಕಾಲು ಭಾಗದ ಆಸುಪಾಸಿಗೆ ಇಳಿಯುತ್ತದೆ. ಅಲ್ಲಿಯ ಅನುಭವದಿಂದ ಕಲಿಯಬೇಕಾದ ಮುಖ್ಯ ವಿಷಯ ಬೇರೆಯೇ ಇದೆ. ಸ್ವೀಡನ್ ತನ್ನ ಕುಲುಮೆಗಳನ್ನು ತುಂಬಿಸಲು ಬೇರೆ ದೇಶಗಳ ಕಸವನ್ನು ಆಮದು ಮಾಡಿಕೊಳ್ಳುತ್ತದೆ. ಡೆನ್ಮಾರ್ಕ್ 2020ರಲ್ಲಿ ತನ್ನ ದಹನ ಸಾಮರ್ಥ್ಯವನ್ನು ಸುಮಾರು 30% ಕಡಿಮೆ ಮಾಡಲು ನಿರ್ಧರಿಸಿತು, ಏಕೆಂದರೆ ಸುಟ್ಟ ಪ್ಲಾಸ್ಟಿಕ್ಕಿನಿಂದ ಬರುವ ಇಂಗಾಲದ ಡೈಆಕ್ಸೈಡ್ ಕಲ್ಲಿದ್ದಲಿನದಕ್ಕಿಂತ ಬೇರೆಯಲ್ಲ. ಕುಲುಮೆಯನ್ನು ಕಟ್ಟಿದರೆ ಅದು 25-30 ವರ್ಷ ಪ್ರತಿದಿನ ಕಸ ಬೇಡುತ್ತದೆ. ಇಷ್ಟು ಟನ್ ಪೂರೈಸುತ್ತೇವೆ, ತಪ್ಪಿದರೆ ದಂಡ ಕೊಡುತ್ತೇವೆ ಎಂದು ಸಹಿ ಹಾಕಿದ ನಗರಾಡಳಿತಕ್ಕೆ ಕಸ ಕಡಿಮೆ ಮಾಡುವ ಆಸಕ್ತಿಯಾದರೂ ಎಲ್ಲಿಂದ ಬರಬೇಕು?

ಪ್ರಶ್ನೆ: ಪರ್ಯಾಯವೆಂದರೆ ಏನು? ಗೊಬ್ಬರ ಮಾಡಿದರೆ ಎಲ್ಲವೂ ಮುಗಿಯುತ್ತದೆಯೇ?

ಉತ್ತರ: ಎಲ್ಲವೂ ಮುಗಿಯುವುದಿಲ್ಲ, ಆದರೆ ಅತಿ ಕಠಿಣವಾದ ಭಾಗ ಮುಗಿಯುತ್ತದೆ. ಹಸಿ ಕಸವನ್ನು ಮನೆಯಲ್ಲೇ ಬೇರ್ಪಡಿಸಿ ಗೊಬ್ಬರದ ಘಟಕಕ್ಕೋ ಜೈವಿಕ ಅನಿಲ ಸ್ಥಾವರಕ್ಕೋ ಕಳಿಸಿದರೆ, ಭೂಭರ್ತಿಯಲ್ಲಿ ಕೊಳೆತು ಮೀಥೇನ್ ಬಿಡುವ ವಸ್ತುವೇ ಅಲ್ಲಿಗೆ ಹೋಗುವುದಿಲ್ಲ. ನೂರು ವರ್ಷಗಳ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿಯೇರಿಸುತ್ತದೆ. ಒಂದು ಟನ್ ಆಹಾರ ತ್ಯಾಜ್ಯದಿಂದ ಸುಮಾರು 100 ಘನ ಮೀಟರ್ ಜೈವಿಕ ಅನಿಲ ಸಿಗುತ್ತದೆ. ಅದಕ್ಕಿಂತ ದೊಡ್ಡ ಲಾಭವೆಂದರೆ, ಹಸಿ ಕಸ ಮೆತ್ತದ ಕಾಗದ ಮತ್ತು ಪ್ಲಾಸ್ಟಿಕ್ ಮರುಬಳಕೆಗೆ ಯೋಗ್ಯವಾಗಿ ಉಳಿಯುತ್ತವೆ. ಇಟಲಿಯ ಕಪಾನ್ನೊರಿ ಪಟ್ಟಣದಲ್ಲಿ ರೊಸ್ಸಾನೊ ಎರ್ಕೊಲಿನಿ ಎಂಬ ಶಾಲಾ ಶಿಕ್ಷಕರ ನೇತೃತ್ವದಲ್ಲಿ ಜನ ದಹನ ಘಟಕದ ಯೋಜನೆಯನ್ನು ತಡೆದರು. ಅಷ್ಟಕ್ಕೇ ನಿಲ್ಲದೆ ಮನೆಮನೆಯಿಂದ ವಿಂಗಡಿಸಿದ ಕಸದ ಸಂಗ್ರಹವನ್ನು ಕಟ್ಟಿ ನಿಲ್ಲಿಸಿದರು, 2007ರಲ್ಲಿ ಆ ಪಟ್ಟಣ ಶೂನ್ಯ ತ್ಯಾಜ್ಯದ ಗುರಿಯನ್ನು ಅಂಗೀಕರಿಸಿತು. ಬೇಡ ಎಂದವರೇ ಬದಲಿ ವ್ಯವಸ್ಥೆಯ ಹೊರೆಯನ್ನೂ ಹೊತ್ತದ್ದು ನನಗೆ ಬಹಳ ಗೌರವದ ವಿಷಯ.

ಉಳಿಯುವುದು ಹಲವು ಪದರಗಳ ಪೊಟ್ಟಣ, ಡೈಪರ್, ಕೊಳೆಯಾದ ಬಟ್ಟೆಯಂಥವು. ಪೊಟ್ಟಣಗಳನ್ನು ತಯಾರಕರೇ ಬದಲಿಸಬೇಕು. ಅಲ್ಲಿಯವರೆಗೆ ವಿಂಗಡಿಸಿ ತೆಗೆದ ಒಣ ಉಳಿಕೆಯನ್ನು ಸಿಮೆಂಟ್ ಕಾರ್ಖಾನೆಗಳ ಕುಲುಮೆಗಳಲ್ಲಿ ಸುಡುವುದನ್ನು ನಾನು ವಿರೋಧಿಸುವುದಿಲ್ಲ.

ಪ್ರಶ್ನೆ: ಕಸವನ್ನು ಕಡಿಮೆ ಗಾಳಿಯಲ್ಲಿ ಕಾಯಿಸಿ ಉರಿಯುವ ಅನಿಲವಾಗಿಸುವ ಅನಿಲೀಕರಣ, ಗಾಳಿಯೇ ಇಲ್ಲದೆ ಕಾಯಿಸಿ ಒಡೆಯುವ ಪೈರಾಲಿಸಿಸ್ ಮುಂತಾದ ಹೊಸ ವಿಧಾನಗಳು?

ಉತ್ತರ: ಒಂದೇ ಬಗೆಯ, ಒಣಗಿದ ಕಚ್ಚಾವಸ್ತುವಿಗೆ ಅವು ಸರಿ. ಮಿಶ್ರ ಕಸದಲ್ಲಿ ಎಡವಿವೆ. ಜರ್ಮನಿಯ ಕಾರ್ಲ್ಸ್‌ರೂಹೆಯ ದೊಡ್ಡ ಅನಿಲೀಕರಣ ಘಟಕ 2004ರಲ್ಲಿ ಮುಚ್ಚಿತು.

ಪ್ರಶ್ನೆ: ಸಾರ್ವಜನಿಕ ವಿಚಾರಣೆಯಲ್ಲಿ ಸಾಮಾನ್ಯ ನಾಗರಿಕರು ಏನನ್ನು ಕೇಳಬೇಕು?

ಉತ್ತರ: ಚಿಮ್ನಿಯ ಎತ್ತರವನ್ನು ಕೇಳುವ ಮೊದಲು ಕಸದ ತೂಕದ ಪಟ್ಟಿಯನ್ನು ಕೇಳಿ. ಪ್ರತಿ ಋತುವಿನಲ್ಲೂ ಒಂದೊಂದು ವಾರ ಕಸವನ್ನು ವಿಂಗಡಿಸಿ ತೂಗಿ, ಹಸಿ ಎಷ್ಟು, ಮರುಬಳಕೆಯದು ಎಷ್ಟು, ಏನೂ ಮಾಡಲಾಗದ ಉಳಿಕೆ ಎಷ್ಟು, ಆ ಉಳಿಕೆಯ ತೇವ ಮತ್ತು ಶಾಖಮೌಲ್ಯವೆಷ್ಟು ಎಂದು ದಾಖಲಿಸಿರಬೇಕು. ಪ್ರಸ್ತಾವಿತ ಘಟಕದ ದಿನದ ಸಾಮರ್ಥ್ಯವನ್ನು ಆ ಉಳಿಕೆಯ ತೂಕದ ಪಕ್ಕದಲ್ಲಿಟ್ಟು ನೋಡಿ. ಸಾಮರ್ಥ್ಯ ಅದಕ್ಕಿಂತ ಹೆಚ್ಚಿದ್ದರೆ, ಹೆಚ್ಚುವರಿ ಪಾಲಿನಲ್ಲಿ ಸುಡಲು ಹೊರಟಿರುವುದು ಏನನ್ನು ಎಂದು ಹೆಸರಿಸಿ ಬರವಣಿಗೆಯಲ್ಲಿ ಉತ್ತರ ಕೊಡುವಂತೆ ಕೇಳಿ.